ವಾರ್ಡಿನಲ್ಲಿ ಬಣ್ಣ, ಮಣಿ, ಮಾತು: ಕಾಯಿಲೆಯ ಮಗುವಿಗೆ ಕೈಕೆಲಸ ಏಕೆ ಬೇಕು?



ಮನೆಯಲ್ಲಿ ಒಂದು ಮಗುವಿಗೆ ದೊಡ್ಡ ಕಾಯಿಲೆ ಬಂದರೆ ಎಲ್ಲರೂ ಮೂರು ಪ್ರಶ್ನೆ ಕೇಳುತ್ತಾರೆ. ಯಾವ ಆಸ್ಪತ್ರೆ? ಎಷ್ಟು ಖರ್ಚು? ಎಷ್ಟು ದಿನ? ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಅಷ್ಟು ದಿನ ಆ ಮಗು ಹಾಸಿಗೆಯ ಮೇಲೆ ಏನು ಮಾಡುತ್ತದೆ? ಪಕ್ಕದ ಸ್ಟೂಲಿನ ಮೇಲೆ ಕುಳಿತ ತಾಯಿ ಏನು ಮಾಡುತ್ತಾಳೆ? ಈ ಲೇಖನ ಆ ನಾಲ್ಕನೆಯ ಪ್ರಶ್ನೆಯ ಬಗ್ಗೆ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ವೈದ್ಯಕೀಯ ನನ್ನ ವಿಷಯವಲ್ಲ. ಆದರೆ ನನ್ನ ಖಾಲಾ ಮಗನಿಗೆ, ಅವನಿಗೆ ಈಗ 9 ವರ್ಷ, ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದೆ. ಮೊದಲ ಪಿಯುಸಿ ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಖಾಲಾಗೆ ಸಹಾಯಕ್ಕೆಂದು 18 ದಿನ ನಾನೂ ಅಲ್ಲಿದ್ದೆ. ಅಲ್ಲಿ ನೋಡಿದ್ದು, ಆಮೇಲೆ ಓದಿ ತಿಳಿದದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ನಮ್ಮ ಅರಕೆರೆ ಸುತ್ತಮುತ್ತಲಿನ ಊರುಗಳಿಂದ ಮಕ್ಕಳ ಚಿಕಿತ್ಸೆಗಾಗಿ ಮಂಡ್ಯ, ಮೈಸೂರು, ಬೆಂಗಳೂರಿಗೆ ಓಡಾಡುವ ಮನೆಗಳು ಇವೆ. ಅವರಲ್ಲಿ ಯಾರಿಗಾದರೂ ಇದು ಉಪಯೋಗವಾಗಲಿ.

ಎರಡು ವರ್ಷ ಎಂದರೆ ಎಷ್ಟು?

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಎಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯೂಕೇಮಿಯಾ. ನನ್ನ ತಮ್ಮನಿಗೆ ಬಂದಿರುವುದೂ ಅದೇ. ಇದು ಗುಣವಾಗಬಲ್ಲ ಕಾಯಿಲೆ. ಆದರೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ತಿಂಗಳುಗಳಲ್ಲಿ ಪದೇ ಪದೇ ಆಸ್ಪತ್ರೆ, ಕೈಗೆ ಸೂಜಿ, ಬೆನ್ನಿನಿಂದ ನೀರು ತೆಗೆಯುವುದು, ಕೂದಲು ಉದುರುವುದು, ವಾಂತಿ. ಆಮೇಲೆ ಮನೆಯಲ್ಲೇ ಮಾತ್ರೆ, ತಿಂಗಳಿಗೊಮ್ಮೆ ತಪಾಸಣೆ. ಮೂರನೇ ತರಗತಿಯ ಹುಡುಗನಿಗೆ ಎರಡು ವರ್ಷ ಎಂದರೆ ಅವನಿಗೆ ನೆನಪಿರುವ ಜೀವನದ ದೊಡ್ಡ ಭಾಗ.

ವಾರ್ಡಿನಲ್ಲಿ ಮಗುವಿಗೆ ನೋವಿನ ಜೊತೆ ಇನ್ನೊಂದು ಕಷ್ಟವೂ ಇದೆ. ಅಲ್ಲಿ ಅದರ ಕೈಯಲ್ಲಿ ಏನೂ ಇರುವುದಿಲ್ಲ. ಯಾವಾಗ ಏಳಬೇಕು, ಏನು ತಿನ್ನಬೇಕು, ಯಾವ ಕೈಗೆ ಸೂಜಿ, ಎಷ್ಟು ಹೊತ್ತು ಅಲುಗಾಡದೆ ಮಲಗಬೇಕು, ಎಲ್ಲವನ್ನೂ ಬೇರೆಯವರು ತೀರ್ಮಾನಿಸುತ್ತಾರೆ. ಅದು ಚಿಕಿತ್ಸೆಗೆ ಬೇಕಾದದ್ದೇ. ಆದರೆ ಒಂದು ಹಾಳೆ, ನಾಲ್ಕು ಬಣ್ಣ ಕೊಟ್ಟರೆ ಆನೆಗೆ ಹಸಿರು ಹಚ್ಚಬೇಕೋ ಕೆಂಪು ಹಚ್ಚಬೇಕೋ ಎಂಬುದನ್ನು ಆ ಮಗುವೇ ತೀರ್ಮಾನಿಸುತ್ತದೆ. ಇಡೀ ದಿನದಲ್ಲಿ ಅದು ತಾನಾಗಿ ತೆಗೆದುಕೊಂಡ ತೀರ್ಮಾನ ಅದೊಂದೇ ಇರಬಹುದು. ಕೈಕೆಲಸದ ಬೆಲೆ ಇಲ್ಲಿದೆ. ನಾವು ಟೈಮ್‌ಪಾಸ್ ಎಂದು ಕರೆಯುವುದು ಮಗುವಿನ ಪಾಲಿಗೆ ತನ್ನ ಕೈಗೆ ಮರಳಿ ಬಂದ ಅಧಿಕಾರ.

ಈ ವಿಚಾರ ಹೇಗೆ ಬೆಳೆಯಿತು?

ಹಿಂದೆ ಇಂಗ್ಲೆಂಡಿನಂಥ ದೇಶಗಳಲ್ಲಿ ಮಕ್ಕಳ ವಾರ್ಡಿಗೆ ತಾಯಿತಂದೆಯನ್ನೇ ಸರಿಯಾಗಿ ಬಿಡುತ್ತಿರಲಿಲ್ಲ. ನೋಡಲು ಬಂದರೆ ಮಗು ಅಳುತ್ತದೆ, ಬರದಿದ್ದರೆ ಸುಮ್ಮನಿರುತ್ತದೆ ಎಂಬ ನಂಬಿಕೆ ಇತ್ತು. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬುವರು ಆಸ್ಪತ್ರೆ ಸೇರಿದ ಎರಡು ವರ್ಷದ ಮಗುವಿನ ಬಗ್ಗೆ ಒಂದು ಚಲನಚಿತ್ರ ಮಾಡಿದರು. ಸುಮ್ಮನಿರುವ ಮಗು ಸಮಾಧಾನವಾಗಿಲ್ಲ, ಸೋತು ಸುಮ್ಮನಾಗಿದೆ ಎಂಬುದು ಅದನ್ನು ನೋಡಿದವರಿಗೆ ಅರ್ಥವಾಯಿತು. 1959ರಲ್ಲಿ ಅಲ್ಲಿನ ಪ್ಲಾಟ್ ಸಮಿತಿ ತನ್ನ ವರದಿಯಲ್ಲಿ, ತಾಯಿತಂದೆ ಯಾವಾಗ ಬೇಕಾದರೂ ಬಂದು ಮಗುವನ್ನು ನೋಡಲು ಅವಕಾಶ ಇರಬೇಕು, ವಾರ್ಡಿನಲ್ಲಿ ಆಟ ಮತ್ತು ಪಾಠದ ಕಡೆಗೂ ಗಮನ ಕೊಡಬೇಕು ಎಂದು ಹೇಳಿತು. ಅದಕ್ಕೂ ಮೊದಲೇ, 1955ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಎಮ್ಮಾ ಪ್ಲ್ಯಾಂಕ್ ಎಂಬ ಶಿಕ್ಷಕಿ ಆಸ್ಪತ್ರೆಯ ಮಕ್ಕಳಿಗಾಗಿ ಆಟಪಾಠದ ಕಾರ್ಯಕ್ರಮ ಶುರುಮಾಡಿದ್ದರು.

ಚಿತ್ರಕಲೆಯ ವಿಷಯ ಕ್ಷಯ ರೋಗದಿಂದ ಬಂದಿದೆ. ಔಷಧಿ ಸಿಗುವ ಮುಂಚೆ ಕ್ಷಯದವರು ತಿಂಗಳುಗಟ್ಟಲೆ ಸ್ಯಾನಟೋರಿಯಂನಲ್ಲಿ ಮಲಗಿರಬೇಕಿತ್ತು. ಮೈಸೂರಿನಲ್ಲೂ ಅಂಥದ್ದಿದೆ. ಕ್ಷಯದಿಂದ ತೀರಿಕೊಂಡ ತಮ್ಮ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಪಿ.ಕೆ. ಸ್ಯಾನಟೋರಿಯಂ ಅದು. ಇಂಗ್ಲೆಂಡಿನ ಒಂದು ಸ್ಯಾನಟೋರಿಯಂನಲ್ಲಿ ರೋಗಿಯಾಗಿದ್ದ ಏಡ್ರಿಯನ್ ಹಿಲ್ ಎಂಬ ಚಿತ್ರಕಾರ ಹಾಸಿಗೆಯ ಮೇಲೆಯೇ ಚಿತ್ರ ಬರೆದು, ಆಮೇಲೆ ಇತರ ರೋಗಿಗಳಿಗೂ ಕಲಿಸಿದರು. ಕಲಾ ಚಿಕಿತ್ಸೆ ಎಂಬ ಅರ್ಥದ ಮಾತನ್ನು 1942ರಲ್ಲಿ ಬಳಕೆಗೆ ತಂದವರು ಅವರೇ.

ನಮ್ಮ ದೇಶದ ವಾರ್ಡುಗಳು ಒಂದು ವಿಷಯದಲ್ಲಿ ಬೇರೆ. ಇಲ್ಲಿ ಮಗುವಿನ ಜೊತೆ ಮನೆಯವರೊಬ್ಬರು ಹಗಲೂ ರಾತ್ರಿ ಇರುತ್ತಾರೆ. ಆಸ್ಪತ್ರೆಯವರು ಅವರನ್ನು ಅಟೆಂಡರ್ ಎನ್ನುತ್ತಾರೆ. ಇದು ನಮ್ಮ ಬಲ. ಈ ಬಲವನ್ನು ಬಳಸಿಕೊಳ್ಳುವ ಕೆಲಸವೂ ಕರ್ನಾಟಕದಲ್ಲಿ ನಡೆದಿದೆ. ನೂರಾ ಹೆಲ್ತ್ ಎಂಬ ಸಂಸ್ಥೆ ನಾರಾಯಣ ಆಸ್ಪತ್ರೆಗಳಲ್ಲಿ ಶುರುಮಾಡಿದ ಕಾರ್ಯಕ್ರಮದಲ್ಲಿ, ರೋಗಿಯ ಮನೆಯವರಿಗೆ ಆರೈಕೆ ಹೇಗೆ ಮಾಡಬೇಕೆಂದು ವಿಡಿಯೊ ತೋರಿಸಿ, ಕೈಯಲ್ಲಿ ಮಾಡಿಸಿ ಕಲಿಸುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸಮೀಕ್ಷಾ ಫೌಂಡೇಶನ್‌ನವರು ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ಪಾಠ ಮತ್ತು ಸೃಜನಶೀಲ ಚಟುವಟಿಕೆ ನಡೆಸುತ್ತಾ ಬಂದಿದ್ದಾರೆ. ಅಂದಹಾಗೆ, ಕಿದ್ವಾಯಿ ಎನ್ನುವುದು ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರು.

ಇದು ಕೆಲಸ ಮಾಡುವುದು ಹೇಗೆ?

ಓದಿ ತಿಳಿದದ್ದನ್ನು ನಾಲ್ಕು ಭಾಗ ಮಾಡಿ ಹೇಳುತ್ತೇನೆ.

ಮೊದಲನೆಯದು, ಗಮನ ಬೇರೆ ಕಡೆ ಹೋಗುವುದು. ಸೂಜಿ ಚುಚ್ಚುವಾಗ ಮಗು ಸೂಜಿಯನ್ನೇ ನೋಡುತ್ತಿದ್ದರೆ ನೋವು ಹೆಚ್ಚು ಅನ್ನಿಸುತ್ತದೆ. ಅದೇ ಹೊತ್ತಿಗೆ ಸೋಪಿನ ಗುಳ್ಳೆ ಊದಿಸಿದರೆ ಕಣ್ಣಿಗೂ ಕೆಲಸ, ಉಸಿರಿಗೂ ಕೆಲಸ. ಉದ್ದಕ್ಕೆ ಉಸಿರು ಬಿಟ್ಟಾಗ ಮೈ ಸಡಿಲವಾಗುತ್ತದೆ. 2018ರ ಕಾಕ್ರೇನ್ ಪರಿಶೀಲನೆ ಸೂಜಿಯ ನೋವಿನ ಬಗ್ಗೆ ಮಕ್ಕಳ ಮೇಲೆ ನಡೆದ ಅನೇಕ ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಗಮನ ಬೇರೆಡೆ ಸೆಳೆಯುವುದು ಮತ್ತು ಉಸಿರಾಟದ ಕ್ರಮಗಳಿಂದ ಪ್ರಯೋಜನ ಇದೆ ಎಂದು ಹೇಳಿದೆ.

ಎರಡನೆಯದು, ಮುಂಚೆಯೇ ಆಡಿ ನೋಡುವುದು. ಗೊಂಬೆಗೆ ಬ್ಯಾಂಡೇಜ್ ಸುತ್ತಿ, ಸೂಜಿ ಇಲ್ಲದ ಸಿರಿಂಜಿನಿಂದ ಇಂಜೆಕ್ಷನ್ ಕೊಟ್ಟು ಆಡಿದ ಮಗುವಿಗೆ ನಾಳೆ ಏನಾಗುತ್ತದೆ ಎಂಬುದು ಗೊತ್ತಿರುತ್ತದೆ. ಗೊತ್ತಿಲ್ಲದ್ದರ ಭಯ ಗೊತ್ತಿರುವುದರ ನೋವಿಗಿಂತ ದೊಡ್ಡದು.

ಮೂರನೆಯದು, ಮಾತಿಲ್ಲದೆ ಹೇಳುವುದು. ನನ್ನ ತಮ್ಮ ಡಾಕ್ಟರ್ ಕೇಳಿದರೆ ಎಲ್ಲದಕ್ಕೂ ಚೆನ್ನಾಗಿದ್ದೇನೆ ಎನ್ನುತ್ತಿದ್ದ. ಚಿತ್ರ ಬರೆಯುವಾಗ ಮಾತ್ರ ಬಾಯಿ ಬಿಡುತ್ತಿದ್ದ. ಒಂದು ದಿನ ನಮ್ಮ ಮನೆ ಬರೆದು, ಬಾಗಿಲಲ್ಲಿ ತನ್ನ ತಂಗಿಯನ್ನು ನಿಲ್ಲಿಸಿ, "ಆಪಾ, ನನಗೆ ಮುಟ್ಟಿದರೆ ಅವಳಿಗೂ ಬರುತ್ತಾ?" ಎಂದು ಕೇಳಿದ. ಕ್ಯಾನ್ಸರ್ ಅಂಟುರೋಗ ಅಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಎಷ್ಟು ದಿನದಿಂದ ಅದನ್ನು ಒಳಗೆ ಇಟ್ಟುಕೊಂಡಿದ್ದನೋ! ಮರುದಿನ ಡಾಕ್ಟರೇ ಅವನ ಹಾಸಿಗೆಯ ಮೇಲೆ ಕುಳಿತು ವಿವರಿಸಿದರು.

ನಾಲ್ಕನೆಯದು, ಬೆರಳುಗಳಿಗೆ ಕೆಲಸ. ಈ ಕಾಯಿಲೆಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧಿ ಕೈಕಾಲಿನ ನರಗಳನ್ನು ಸ್ವಲ್ಪ ದುರ್ಬಲ ಮಾಡಬಹುದು. ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದು ಕಷ್ಟವಾಗುತ್ತದೆ. ಮಣಿ ಪೋಣಿಸುವುದು, ಕಾಗದ ಮಡಿಸುವುದು ಆಟವೂ ಹೌದು, ಬೆರಳಿನ ಅಭ್ಯಾಸವೂ ಹೌದು.

ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ ಪ್ರಕಟಿಸಿದ ವರದಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಗಮನಿಸಿ, ಆರೋಗ್ಯದಲ್ಲಿ ಕಲೆಗಳಿಗೆ ಪಾತ್ರ ಇದೆ ಎಂದು ಹೇಳಿದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಮಗುವಿನ ಹಕ್ಕು ಎನ್ನುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಕಾಯಿಲೆ ಬಂದ ಕೂಡಲೇ ಆ ಹಕ್ಕು ಹೋಗುವುದಿಲ್ಲ.

ಮಣಿಯ ಲೆಕ್ಕಪುಸ್ತಕ

ಅಮೆರಿಕದಲ್ಲಿ 2004ರಲ್ಲಿ 'ಬೀಡ್ಸ್ ಆಫ್ ಕರೇಜ್' ಎಂಬ ಕಾರ್ಯಕ್ರಮ ಶುರುವಾಯಿತು. ಮಗು ಚಿಕಿತ್ಸೆಯ ಒಂದೊಂದು ಹಂತ ದಾಟಿದಾಗಲೂ ಅದಕ್ಕೆ ಗೊತ್ತುಮಾಡಿದ ಬಣ್ಣದ ಒಂದು ಮಣಿ ಸಿಗುತ್ತದೆ. ಮಣಿಗಳು ಸರವಾಗಿ ಬೆಳೆಯುತ್ತವೆ. ಇದನ್ನು ಓದಿದ ಮೇಲೆ ನಾವೂ ನಮ್ಮ ರೀತಿಯಲ್ಲಿ ಮಾಡಿದೆವು. ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ಅಮ್ಮಿ ಪ್ಲಾಸ್ಟಿಕ್ ಮಣಿ ಕಳಿಸಿದರು. ರಕ್ತ ಪರೀಕ್ಷೆಗೆ ಕೆಂಪು, ಬೆನ್ನಿನ ಸೂಜಿಗೆ ಬಿಳಿ, ಕೀಮೋಗೆ ನೀಲಿ, ವಾರ್ಡಿನಲ್ಲಿ ಕಳೆದ ರಾತ್ರಿಗೆ ಹಳದಿ. ನಾನು ಕಾಮರ್ಸ್ ಆದ್ದರಿಂದ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ವಿವರ, ಮಣಿ ಎಂದು ಗೆರೆ ಹಾಕಿ ಕೊಟ್ಟೆ. ಅದನ್ನು ತುಂಬುವ ಕೆಲಸ ಅವನದೇ. ಇವನ್ನೆಲ್ಲ ಡೆಬಿಟ್‌ಗೆ ಬರೆಯಬೇಕೋ ಕ್ರೆಡಿಟ್‌ಗೋ ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಲೆಕ್ಕಶಾಸ್ತ್ರದ ಉಪನ್ಯಾಸಕರು ಹೇಳಬೇಕು.

ಇದರಿಂದ ಒಂದು ಬದಲಾವಣೆ ಆಯಿತು. ರಕ್ತ ತೆಗೆಯುವ ಸಿಸ್ಟರ್ ಬಂದಾಗ ಅವನು ಮೊದಲಿನಂತೆ ಗೋಡೆಯ ಕಡೆ ತಿರುಗುತ್ತಿರಲಿಲ್ಲ. ಅಳು ನಿಂತಿತು ಎಂದು ಹೇಳುವುದಿಲ್ಲ. ಅಳುತ್ತಲೇ ಇನ್ನೊಂದು ಕೈಯಲ್ಲಿ ಕೆಂಪು ಮಣಿ ಆರಿಸಿ ಇಟ್ಟುಕೊಳ್ಳುತ್ತಿದ್ದ.

ದೊಡ್ಡ ಮಕ್ಕಳಿಗೆ ಬಣ್ಣದ ಪೆನ್ಸಿಲ್ ಸಾಲದು

ನಮ್ಮ ವಯಸ್ಸಿನ ರೋಗಿಗಳ ಕಥೆ ಬೇರೆ. ಎದುರು ಹಾಸಿಗೆಯಲ್ಲಿ 16 ವರ್ಷದ ಹುಡುಗನೊಬ್ಬ ಇದ್ದ. ಬಣ್ಣ ಹಚ್ಚುವ ಪುಸ್ತಕ ಕೊಟ್ಟವರಿಗೆ ಅದನ್ನು ವಾಪಸ್ ಕೊಟ್ಟುಬಿಟ್ಟ. ದಿನವಿಡೀ ಮೊಬೈಲ್, ಯಾರ ಜೊತೆಯೂ ಮಾತಿಲ್ಲ. ಒಂದು ಸಂಜೆ ಅವನೇ ಹಾಳೆಯ ಮೇಲೆ ಐಪಿಎಲ್ ಹರಾಜು ಶುರುಮಾಡಿದ. ನಾಲ್ಕು ಹಾಸಿಗೆ, ನಾಲ್ಕು ತಂಡ, ತಂಡಕ್ಕೆ 100 ಕೋಟಿ. ಮಾಲೀಕರು ತಾಯಂದಿರು! ಕ್ರಿಕೆಟ್ ಗೊತ್ತಿಲ್ಲದ ಖಾಲಾ ವಿಕೆಟ್ ಕೀಪರ್‌ಗಳನ್ನೇ ಮೂರು ಜನ ಕೊಂಡರು. ತಂಡದ ಹೆಸರು, ಲಾಂಛನ, ಜರ್ಸಿ ಎಲ್ಲವನ್ನೂ ಆ ಹುಡುಗ ಬರೆದ. ಮೂರು ದಿನ ನಡೆದ ಆ ಹರಾಜಿನಲ್ಲಿ ಅವನು ಮೊದಲ ಬಾರಿ ಜೋರಾಗಿ ನಕ್ಕದ್ದನ್ನು ಅವನ ತಾಯಿ ಎಲ್ಲರಿಗೂ ಹೇಳಿಕೊಂಡು ಬಂದರು. ಹದಿವಯಸ್ಸಿನವರಿಗೆ ಸಣ್ಣ ಮಕ್ಕಳ ಆಟ ಕೊಡಬಾರದು. ಹಾಡಿನ ಪಟ್ಟಿ, ಫೋಟೊ, ಡೈರಿ, ಚೆಸ್, ಕಥೆ, ಮೀಮ್, ಅವರಿಗೆ ಏನು ಬೇಕೋ ಅದನ್ನು ಅವರನ್ನೇ ಕೇಳಬೇಕು.

ತಾಯಿಯ ಕೈಗೂ ಕೆಲಸ ಬೇಕು

ಎಲ್ಲರೂ ಮಗುವಿಗೆ ಏನಾದರೂ ತರುತ್ತಾರೆ. ತಾಯಿಗೆ ತರುವವರು ಇಲ್ಲ. ನನ್ನ ಖಾಲಾ ಊರಿನಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಅವರ ಮಿಷನ್ ಮೇಲೆ ಬಟ್ಟೆ ಹೊದಿಸಿ ತಿಂಗಳುಗಳಾದವು. ವಾರ್ಡಿನಲ್ಲಿ ಅವರ ಕೆಲಸ ಎಂದರೆ ಡ್ರಿಪ್ ಮುಗಿಯಿತೇ ಎಂದು ನೋಡುವುದು, ಬಿಲ್ ಕಟ್ಟುವುದು, ವಾಂತಿ ಒರೆಸುವುದು, ಫೋನ್ ಮಾಡಿದವರಿಗೆಲ್ಲ ಅದೇ ಉತ್ತರ ಕೊಡುವುದು. ರಾತ್ರಿ ನಿದ್ದೆ ಇಲ್ಲ. ಅಳುವುದಕ್ಕೆ ಬಾತ್‌ರೂಮ್‌ಗೆ ಹೋಗಬೇಕು.

ಪಕ್ಕದ ಹಾಸಿಗೆಯ ಮಗುವಿನ ತಾಯಿ ರಾಯಚೂರು ಕಡೆಯವರು. ಹಳೆಯ ಸೀರೆ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದರು. "ಸುಮ್ನ ಕುಂತ್ರ ತಲಿ ಕೆಡ್ತದ ಅಕ್ಕಾ, ಕೈಗೆ ಕೆಲ್ಸ ಇರ್ಬೇಕು" ಎಂದು ಖಾಲಾಗೆ ಒಂದು ಸೂಜಿ ಕೊಟ್ಟರು. ಖಾಲಾ ಅವರಿಗೆ ಕ್ರೋಶಾ ಹೆಣೆಯುವುದನ್ನು ಕಲಿಸಿದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ಅರ್ಥವಾಗುತ್ತಿತ್ತು, ಸಾಕಾಗುತ್ತಿತ್ತು. ಹೊಲಿಗೆ ಹಾಕುತ್ತಾ ಅವರು ಯಾವ ಮಾತ್ರೆಯನ್ನು ಊಟಕ್ಕೆ ಮುಂಚೆ ಕೊಡಬೇಕು, ಬಾಯಿ ಹುಣ್ಣಾದರೆ ಏನು ತಿನ್ನಿಸಬೇಕು, ಯಾವ ಅರ್ಜಿಗೆ ಯಾವ ಕಾಗದ ಬೇಕು ಎಂದೆಲ್ಲ ಹಂಚಿಕೊಂಡರು. ಎದುರುಬದುರು ಕುಳಿತು ಸಂಕಟ ಹೇಳಿಕೊಳ್ಳುವುದು ಕಷ್ಟ. ಕಣ್ಣು ಹೊಲಿಗೆಯ ಮೇಲಿದ್ದರೆ ಮಾತು ಸುಲಭ.

ಮೆಹಂದಿಯೂ ಹೀಗೆಯೇ. ಹಬ್ಬಕ್ಕೆ ಮನೆಗೆ ಹೋಗಲಾಗದ ತಾಯಂದಿರ ಅಂಗೈಗೆ ನಾನು ಮೆಹಂದಿ ಹಾಕಿದೆ. ಧರ್ಮ, ಜಾತಿ ಎನ್ನದೆ ಏಳು ಜನ ಸಾಲು ಕುಳಿತರು. ಹಾಕುವ ಮುಂಚೆ ಸಿಸ್ಟರ್‌ರನ್ನು ಕೇಳಿದಾಗ ಅವರು ಹೇಳಿದ ಮಾತು ಎಲ್ಲರಿಗೂ ಗೊತ್ತಿರಲಿ. ರೋಗಿಯ ಉಗುರು, ಬೆರಳ ತುದಿಗೆ ಹಾಕಬಾರದು. ಡಾಕ್ಟರ್ ಉಗುರಿನ ಬಣ್ಣ ನೋಡಿ ರಕ್ತಹೀನತೆ ತಿಳಿಯುತ್ತಾರೆ, ಆಮ್ಲಜನಕ ಅಳೆಯುವ ಕ್ಲಿಪ್ಪನ್ನೂ ಅಲ್ಲೇ ಹಾಕುತ್ತಾರೆ. ರಾಸಾಯನಿಕ ಬೆರೆಸಿದ ಕಪ್ಪು ಮೆಹಂದಿ ಯಾರಿಗೂ ಬೇಡ.

ಹೋಗುವ ಮುಂಚೆ ತಿಳಿದಿರಬೇಕಾದದ್ದು

ಕಾಯಿಲೆಯವರನ್ನು ನೋಡಿ ಬರುವುದನ್ನು ನಮ್ಮ ಮನೆಗಳಲ್ಲಿ ಇಯಾದತ್ ಎನ್ನುತ್ತೇವೆ, ಅದು ಪುಣ್ಯದ ಕೆಲಸ. ಆದರೆ ಕೀಮೋ ನಡೆಯುವ ಮಗುವಿಗೆ ಸೋಂಕು ಬೇಗ ತಗಲುತ್ತದೆ. ಆದ್ದರಿಂದ ಕೆಲವು ನಿಯಮ:

1. ಮೊದಲು ಸಿಸ್ಟರ್ ಅಥವಾ ಡಾಕ್ಟರ್ ಅನುಮತಿ. ಕೌಂಟ್ ಕಡಿಮೆ ಇದ್ದ ದಿನ ಭೇಟಿ ಬೇಡ. ನೆಗಡಿ, ಜ್ವರ ಇದ್ದವರು ಹೋಗಲೇಬಾರದು.
2. ಕೈ ತೊಳೆದು ಒಳಗೆ ಹೋಗಬೇಕು. ವಸ್ತುಗಳು ಹೊಸದಾಗಿರಬೇಕು, ಒಂದು ಮಗುವಿಗೆ ಕೊಟ್ಟದ್ದನ್ನು ಇನ್ನೊಂದಕ್ಕೆ ಕೊಡಬಾರದು. ಗುಳ್ಳೆ ಊದುವ ಬಾಟಲಿಯೂ ಅಷ್ಟೇ.
3. ಮಣ್ಣು, ತಾಜಾ ಹೂವು, ಗಿಡದ ಕುಂಡ ಬೇಡ. ಘಾಟು ವಾಸನೆಯ ಬಣ್ಣ, ಅಂಟು ಬೇಡ, ವಾಂತಿ ಬರುತ್ತದೆ.
4. ಚನ್ನಪಟ್ಟಣದ ಗೊಂಬೆ ಮನೆಯಲ್ಲಿ ಆಡಲು ಚೆಂದ. ವಾರ್ಡಿನಲ್ಲಿ ಎಲ್ಲವನ್ನೂ ಸ್ಪಿರಿಟ್‌ನಿಂದ ಒರೆಸುತ್ತಾರೆ, ಅದರಲ್ಲಿ ಅರಗಿನ ಬಣ್ಣ ಕರಗುತ್ತದೆ.
5. ಮೂರು ವರ್ಷದೊಳಗಿನ ಮಕ್ಕಳಿಗೆ ಮಣಿ ಕೊಡಬಾರದು, ನುಂಗಿಬಿಡುತ್ತವೆ.
6. ಒಂದು ಕೈಗೆ ಡ್ರಿಪ್ ಇದ್ದರೆ ಒಂದೇ ಕೈಯಲ್ಲಿ ಮಾಡುವ ಕೆಲಸ ಕೊಡಿ. 15 ನಿಮಿಷ ಸಾಕು.
7. ಮಗು ಬೇಡ ಎಂದರೆ ಬೇಡ. ಚಿತ್ರವನ್ನು ತಿದ್ದಬೇಡಿ. ಅದಕ್ಕೆ ಅರ್ಥ ಹಚ್ಚಬೇಡಿ, ಇದು ಏನು ಎಂದು ಮಗುವನ್ನೇ ಕೇಳಿ.
8. ಫೋಟೊ ತೆಗೆದು ಸ್ಟೇಟಸ್ ಹಾಕಬೇಡಿ.

ಇದರಿಂದ ಆಗದ್ದು ಏನು?

ಜಪಾನಿನ ಹಿರೋಶಿಮಾದ ಸಡಾಕೊ ಸಸಾಕಿ ಎಂಬ ಹುಡುಗಿಯ ಕಥೆಯನ್ನು ಅನೇಕರು ಕೇಳಿರಬಹುದು. ಬಾಂಬ್ ಬಿದ್ದಾಗ ಅವಳಿಗೆ 2 ವರ್ಷ. 1955ರಲ್ಲಿ ಲ್ಯೂಕೇಮಿಯಾ ಬಂತು. ಸಾವಿರ ಕಾಗದದ ಕೊಕ್ಕರೆ ಮಡಿಸಿದರೆ ಹರಕೆ ಈಡೇರುತ್ತದೆ ಎಂಬ ನಂಬಿಕೆಯಿಂದ ಔಷಧಿ ಸುತ್ತಿದ ಕಾಗದವನ್ನೂ ಬಿಡದೆ ಮಡಿಸಿದಳು. ಅದೇ ವರ್ಷ ಅಕ್ಟೋಬರ್ 25ರಂದು 12ನೇ ವಯಸ್ಸಿನಲ್ಲಿ ತೀರಿಕೊಂಡಳು. ಕೊಕ್ಕರೆಗಳು ಅವಳನ್ನು ಉಳಿಸಲಿಲ್ಲ. ಆಗ ಈ ಕಾಯಿಲೆಗೆ ಇಂದಿನ ಚಿಕಿತ್ಸೆ ಇರಲಿಲ್ಲ. ಇಂದು ಮಕ್ಕಳನ್ನು ಉಳಿಸುತ್ತಿರುವುದು ಸರಿಯಾದ ಹೊತ್ತಿಗೆ, ಪೂರ್ತಿಯಾಗಿ ಕೊಟ್ಟ ಔಷಧಿ. ಕೈಕೆಲಸ ಅದರ ಜಾಗಕ್ಕೆ ಬರುವುದಿಲ್ಲ. ಆ ಉದ್ದದ ಚಿಕಿತ್ಸೆಯನ್ನು ಮಗು ಮತ್ತು ಮನೆಯವರು ನಡುವೆ ಬಿಡದೆ ತಾಳಿಕೊಳ್ಳಲು ಅದು ಸಹಾಯ ಮಾಡುತ್ತದೆ.

ಮಗು ಅನೇಕ ದಿನ ಮಾತು ಬಿಟ್ಟರೆ, ಊಟ ನಿದ್ದೆ ಬಿಟ್ಟರೆ, ಸಾಯುವ ಮಾತಾಡಿದರೆ, ಅಥವಾ ತಾಯಿಗೆ ಹಾಗೆ ಅನ್ನಿಸಿದರೆ, ಬಣ್ಣದ ಪೆನ್ಸಿಲ್ ಸಾಲದು. ಡಾಕ್ಟರಿಗೆ ಹೇಳಬೇಕು. 2022ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.

ನಾವು ಏನು ಮಾಡಬಹುದು?

ಕೊನೆಗೆ ಲೆಕ್ಕ. ನಮ್ಮ ಕಡೆಯ ಅಂಗಡಿ ಬೆಲೆಯಲ್ಲಿ ಚಿತ್ರದ ಪುಸ್ತಕ 40 ರೂಪಾಯಿ, 12 ಬಣ್ಣದ ಪೆನ್ಸಿಲ್ 60, ಬಣ್ಣದ ಕಾಗದ 20, ಮಣಿ ಮತ್ತು ದಾರ 30, ಗುಳ್ಳೆ ಬಾಟಲಿ 20. ತಾಯಿಗೆ ಕ್ರೋಶಾ ಕಡ್ಡಿ ಮತ್ತು ನೂಲು 80. ಒಟ್ಟು 250 ರೂಪಾಯಿ. ಹತ್ತು ಜನ 25 ರೂಪಾಯಿ ಹಾಕಿದರೆ ಒಂದು ಮಗು, ಒಬ್ಬ ತಾಯಿಗೆ ಒಂದು ಚೀಲ ಆಗುತ್ತದೆ. ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕ ಇದನ್ನು ಕೈಗೆತ್ತಿಕೊಳ್ಳಬೇಕೆಂದು ಉಪನ್ಯಾಸಕರಲ್ಲಿ ವಿನಂತಿ ಮಾಡುತ್ತೇನೆ. ಚೀಲವನ್ನು ನಾವೇ ಹಾಸಿಗೆ ಹಾಸಿಗೆಗೆ ಹೋಗಿ ಹಂಚುವುದು ಬೇಡ. ಆಸ್ಪತ್ರೆಯವರನ್ನು ಮೊದಲು ಕೇಳಿ, ಅವರ ಮೂಲಕ ತಲುಪಿಸೋಣ.

ದುಡ್ಡಿಲ್ಲದೆ ಮಾಡುವ ಕೆಲಸವೂ ಇದೆ. ನಿಮ್ಮ ಬೀದಿಯಲ್ಲಿ ಚಿಕಿತ್ಸೆಯಲ್ಲಿರುವ ಮಗು ಇದ್ದರೆ ಅದರ ತರಗತಿಯ ನೋಟ್ಸ್ ಬರೆದುಕೊಡಿ. ಒಂದು ಗಂಟೆ ನೀವು ಕುಳಿತು ತಾಯಿಯನ್ನು ಮಲಗಲು ಕಳಿಸಿ. ಹೇಗಿದ್ದಾನೆ ಎಂದು ಕೇಳುವ ಫೋನ್ ಮನೆಗೆ ದಿನಕ್ಕೆ ಹತ್ತು ಬರುತ್ತವೆ. ನಾನು ಬರಲೇ, ಯಾವ ಹೊತ್ತಿಗೆ ಬರಲಿ ಎಂದು ಕೇಳುವ ಫೋನ್ ಅಪರೂಪ. ಅಂಥ ಒಂದು ಫೋನ್ ಈ ವಾರ ಮಾಡಿ.